ಸೌಂದರ್ಯಾ ವೈನಿ ಮತ್ತು ಇಪ್ಪತ್ತು ಪೌಂಡಿನ ಗಾಳಿ

ಅಕ್ಟೋಬರ್ ತಿಂಗಳ ಮೊದಲ ಶನಿವಾರ ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸೌಂದರ್ಯಾ ಪಾಟೀಲರು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ಒಂದು ಶೆಡ್ಡಿನಲ್ಲಿ ಬಗ್ಗಿ ನಿಂತು ಮೈದುನನ ಕಾರಿನ ಹೊಗೆಯನ್ನು ಮೂಸುತ್ತಿದ್ದರು. ಎಂಜಿನ್ ನಿಂತಲ್ಲೇ ಓಡುತ್ತಿತ್ತು. ಪೆಟ್ರೋಲಿನ ಹಸಿ ವಾಸನೆ ಸ್ವಲ್ಪ ಹೆಚ್ಚೇ ಇತ್ತು. ಹಿಂದಿನ ಶನಿವಾರ ಇಲ್ಲಿಗೆ ತಂದಾಗ ಇದೇ ಕಾರು ಹೀಗೆ ನಾರುತ್ತಿರಲಿಲ್ಲ. ಅದನ್ನು ಮನಸ್ಸಿನ ಮೂಲೆಯಲ್ಲಿಟ್ಟುಕೊಂಡು ಅವರು ಲ್ಯಾಪ್‌ಟಾಪ್ ತೆರೆದರು.

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿ ಬಂದವರು. ವಾರವಿಡೀ ಹ್ಯೂಸ್ಟನ್‌ನ ಒಂದು ಕಂಪನಿಯಲ್ಲಿ ಪಂಪುಗಳ ಹರಿವನ್ನು ಅಳೆಯುತ್ತಾರೆ. ಶನಿವಾರ ಬಂತೆಂದರೆ ಗೆಳೆಯರೊಬ್ಬರ ಈ ಶೆಡ್ಡಿನಲ್ಲಿ ಟರ್ಬೊ ಕಾರುಗಳನ್ನು ಹದಗೊಳಿಸುತ್ತಾರೆ. ಕನ್ನಡ ಸಂಘದ ಮಕ್ಕಳಿಗೆ ಅವರು ಪೆಟ್ರೋಲ್ ಆಂಟಿ. ಆ ಹೆಸರಿಗೆ ಅವರ ಆಕ್ಷೇಪವಿಲ್ಲ.

ಚಾಲಕನ ಸೀಟಿನಲ್ಲಿದ್ದವನು ವಿನಾಯಕ್, ಗಂಡನ ತಮ್ಮ; ಅತ್ತಿಗೆಯನ್ನು ವೈನಿ ಎನ್ನುತ್ತಾನೆ. ನಾಲ್ಕು ತಾಸಿನ ದಾರಿಯ ಕಾಪೆಲ್ ಊರಿನ ತನ್ನ ಮನೆಯನ್ನು ನಸುಕಿನಲ್ಲೇ ಬಿಟ್ಟು ಬಂದಿದ್ದ. ಮರುದಿನ ಆಸ್ಟಿನ್‌ನ ಟ್ರ್ಯಾಕಿನಲ್ಲಿ ಕಾರು ಓಡಿಸುವುದಿತ್ತು. ಅದಕ್ಕೆ ಮೊದಲು ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ಚದರ ಇಂಚಿಗೆ ಎಂಟು ಪೌಂಡಿನಿಂದ ಇಪ್ಪತ್ತಕ್ಕೆ ಏರಬೇಕಿತ್ತು. ಗಾಳಿ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚಬೇಕು. ಕೊರತೆಯಾದರೆ ಉರಿ ಹದ ತಪ್ಪಿ ಪಿಸ್ಟನ್ ಕರಗುತ್ತದೆ.

ವಿನಾಯಕ್‌ಗೆ ಅದು ಓದಿ ತಿಳಿದ ಮಾತಲ್ಲ. ಎರಡು ವರ್ಷದ ಹಿಂದೆ ಮನೆಯ ಗ್ಯಾರೇಜಿನಲ್ಲಿ ತಾನೇ ಬೂಸ್ಟ್ ಏರಿಸಿದ್ದ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮುವ ಇಂಜೆಕ್ಟರ್‌ಗಳು ನೂರಕ್ಕೆ ಎಷ್ಟು ಪಾಲು ಹೊತ್ತು ತೆರೆದಿರಬಹುದೆಂದು ಅಂದು ಫೋನಿನಲ್ಲಿ ವೈನಿಯನ್ನು ಕೇಳಿಯೂ ಇದ್ದ. ಅವರು ಒಂದು ಅಂಕಿ ಹೇಳಿದರು. ಅವನು ತೊಂಬತ್ತೇಳರವರೆಗೆ ಹೋದ. ಪಿಸ್ಟನ್ನಿನ ತಲೆಯಲ್ಲಿ ಬೆರಳು ತೂರುವಷ್ಟು ತೂತು ಬಿದ್ದಿತ್ತು. ಈಗಿನ ಎಂಜಿನ್ ಅವನು ರಜೆಗಳನ್ನೆಲ್ಲ ಸುರಿದು ಕೈಯಾರೆ ಜೋಡಿಸಿದ್ದು. ಇದೂ ಹೋದರೆ ಕಾರು ಗುಜರಿಗೆ ಎಂದು ಹೆಂಡತಿ ಐಶ್ವರ್ಯಾ ದನಿ ಏರಿಸದೆ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವವಳು.

ಕಾರಿನ ಹಿಂದಿನ ಚಕ್ರಗಳು ಎಂಜಿನ್ನಿನ ಬಲ ಅಳೆಯುವ ಡೈನೊ ಯಂತ್ರದ ಉರುಳೆಗಳ ಮೇಲಿದ್ದವು. ಚಕ್ರ ಎಷ್ಟೇ ತಿರುಗಿದರೂ ಕಾರು ಕಟ್ಟಿದಲ್ಲೇ ಇರುತ್ತದೆ. ಸೌಂದರ್ಯಾ ಹೊರಗೆ ನಿಂತು ಅಂಕಿ ನೋಡುವುದು, ಮುಷ್ಟಿ ಎತ್ತಿದರೆ ವಿನಾಯಕ್ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು. ಒಪ್ಪಂದ ಅಷ್ಟೇ.

ಮೊದಲ ಓಟ ಎಂಟು ಪೌಂಡಿಗೆ. ಒಂದು ಪಾಲು ಪೆಟ್ರೋಲಿಗೆ ಹನ್ನೊಂದೂವರೆ ಪಾಲು ಗಾಳಿ ಇರಬೇಕಾದಲ್ಲಿ ಹತ್ತಿರ ಹತ್ತಿರ ಹದಿಮೂರು ತೋರಿಸಿತು. ಅಂದರೆ ಪೆಟ್ರೋಲ್ ಸಾಲದು; ಹಿಂದಿನ ವಾರ ಇದೇ ಅಂಕಿ ಸರಿಯಾಗಿ ಹನ್ನೊಂದೂವರೆ ಇತ್ತು.

"ಪೆಟ್ರೋಲ್ ಕಡಿಮಿ ಆಗ್ಯದ ಅಂದ್ರ ಲ್ಯಾಪ್‌ಟಾಪ್‌ನಾಗ ಜಾಸ್ತಿ ಮಾಡ್ರಲ್ಲ ವೈನಿ," ಎಂದ ವಿನಾಯಕ್.

"ತಲಿನೋವಿಗೆ ಗುಳಿಗಿ ಕೊಟ್ಟಂಗ ಆತದು. ನೋವು ಯಾಕ ಬಂತು?"

ಆದರೂ ಒಂದು ಸಲ ಪೆಟ್ರೋಲ್ ಹೆಚ್ಚಿಸಿ ನೋಡಿದರು. ಎಂಟಕ್ಕೆ ಅಂಕಿ ಸರಿಹೋಯಿತು. ಹದಿನಾಲ್ಕಕ್ಕೆ ಏರಿಸಿದರು.

ಎಂಜಿನ್ನಿನ ಸದ್ದು ತಗಡಿನ ಗೋಡೆಗೆ ಬಡಿಯಿತು. ಹನ್ನೊಂದೂವರೆ. ಹನ್ನೆರಡು. ಹನ್ನೆರಡೂವರೆ. ಸೌಂದರ್ಯಾ ಮುಷ್ಟಿ ಎತ್ತಿದರು. ವಿನಾಯಕ್‌ನ ಕಣ್ಣು ಮುಂದಿನ ಮೀಟರಿನ ಮುಳ್ಳಿನ ಮೇಲೆ ನೆಟ್ಟಿತ್ತು. ಅವರು ಕೂಗಲಿಲ್ಲ, ಕೂಗಿದರೂ ಕೇಳುವಂತಿರಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಮುಷ್ಟಿಯನ್ನು ಗಾಜಿಗೆ ಒತ್ತಿ ಹಿಡಿದರು. ಅಷ್ಟರಲ್ಲಿ ಡಬ್ಬಿಯೊಳಗೆ ಬೆಣಚುಕಲ್ಲು ಅಲುಗಾಡಿಸಿದಂಥ ಶಬ್ದ ಕೇಳಿತು, ಕ್ಷಣಮಾತ್ರ: ಉರಿ ಹದ ತಪ್ಪಿದ ಸದ್ದು. ವಿನಾಯಕ್ ಕಾಲು ತೆಗೆದ.

ಉರುಳೆಗಳು ನಿಂತವು. ಅವನು ಇಳಿದು ಬಂದ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದಾಗಿ ಬೆಳಕಿಗೆ ಹಿಡಿದರು. ಪಿಸ್ಟನ್ ಕರಗಿ ಸಿಡಿದ ಅಲ್ಯೂಮಿನಿಯಂ ಕಣ ಎಲ್ಲಿಯೂ ಇರಲಿಲ್ಲ. ಎಂಜಿನ್ ಉಳಿದಿತ್ತು. ಇನ್ನೊಂದು ಓಟಕ್ಕೆ ಉಳಿಯುತ್ತದೆಂಬ ಭರವಸೆ ಇರಲಿಲ್ಲ.

ಸೌಂದರ್ಯಾ ಮತ್ತೆ ಎಂಜಿನ್ ಚಾಲೂ ಮಾಡಿಸಿ ಪೆಟ್ರೋಲಿನ ಒತ್ತಡ ನೋಡಿದರು. ನಲವತ್ತಮೂರು ಪೌಂಡ್. ಎಂಜಿನ್ ಹೀಗೆ ನಿಂತಲ್ಲೇ ಓಡುವಾಗ ಮೂವತ್ತನಾಲ್ಕರ ಸುಮಾರು ಇರಬೇಕು. ಓಟದ ದಾಖಲೆ ತೆಗೆದರೆ ಅಲ್ಲಿಯೂ ನಲವತ್ತಮೂರೇ, ಗಾಳಿ ಹದಿನಾಲ್ಕು ಏರಿದಾಗ ಇದೂ ಹದಿನಾಲ್ಕು ಏರಬೇಕಿತ್ತು. ಎಂಜಿನ್ನಿನಲ್ಲಿ ಗಾಳಿ ಎಷ್ಟಿದೆಯೆಂದು ಪೆಟ್ರೋಲಿನ ಒತ್ತಡ ಹೊಂದಿಸುವ ರೆಗ್ಯುಲೇಟರಿಗೆ ತಿಳಿಸುವುದು ಒಂದು ಸಣ್ಣ ರಬ್ಬರ್ ಕೊಳವೆ. ಆ ಸುದ್ದಿಯೇ ತಲುಪುತ್ತಿಲ್ಲ. ನಿಂತಾಗ ಪೆಟ್ರೋಲ್ ಹೆಚ್ಚು, ಓಡಿದಾಗ ಕಡಿಮೆ. ಬೆಳಗಿನ ವಾಸನೆಗೂ ಈಗ ಅರ್ಥ ಸಿಕ್ಕಿತು.

"ಹೋದ ವಾರದಿಂದ ಏನರ ಮುಟ್ಟೀಯೇನು?"

"ಏನೂ ಇಲ್ರಿ ವೈನಿ."

ಎಂಜಿನ್ ಆರಿಸಿ ಟಾರ್ಚ್ ಹಿಡಿದು ಕೈ ಇಳಿಸಿದರು. ರೆಗ್ಯುಲೇಟರಿನ ಮೂತಿಯಿಂದ ಕೊಳವೆ ಕಳಚಿ ಪಕ್ಕದಲ್ಲಿ ಜೋತಾಡುತ್ತಿತ್ತು. ಅದರ ಕುತ್ತಿಗೆಗೆ ಅರಿಶಿನ ಬಣ್ಣದ ದಾರ, ದಾರಕ್ಕೆ ಬಾಡಿದ ಒಂದು ಚೆಂಡು ಹೂವಿನ ಎಸಳು.

ವಿನಾಯಕ್ ಅದನ್ನು ನೋಡುತ್ತ ನಿಂತ. ಬುಧವಾರ ಖಂಡೆ ಪೂಜೆ, ಅಂದರೆ ದಸರೆಯ ಆಯುಧಪೂಜೆ, ಆಗಿತ್ತು. ಕಾಪೆಲ್‌ಗೆ ಬಂದಿರುವ ತಾಯಿ ಶಾಂತವ್ವ ಮನೆಯ ಕಾರುಗಳಿಗೆಲ್ಲ ಕುಂಕುಮ ಹಚ್ಚಿ ಹೂವೇರಿಸಿದ್ದರು. ಇಂದು ಬರುವ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ಸುಟ್ಟ ಹೂವಿನ ವಾಸನೆ ಬಂದು ಬಾನೆಟ್ ಎತ್ತಿದ್ದ, ಮಾಲೆ ಹಿಡಿದು ಎಳೆದು ಬಿಸಾಕಿದ್ದ. ಹೈವೇಯಲ್ಲಿ ಬೂಸ್ಟ್ ಬೇಕಿರಲಿಲ್ಲವಾದ್ದರಿಂದ ಕಾರು ಏನನ್ನೂ ಹೇಳಲಿಲ್ಲ.

ಸೌಂದರ್ಯಾ ಅತ್ತೆಗೆ ಫೋನ್ ಮಾಡಿ, ಬೈಯುವ ದನಿಯಿಲ್ಲದೆ, ಹೂವನ್ನು ಒಳಗೇಕೆ ಕಟ್ಟಿದಿರೆಂದು ಕೇಳಿದರು.

"ಹೋದ ವರ್ಷ ಹೊರಗ ಕಟ್ಟಿದ್ದೆ, ಹೈವೇದಾಗ ಹಾರಿ ಹೋತು," ಎಂದರು ಶಾಂತವ್ವ. "ಅದಕ್ಕ ಒಳಗ ಒಂದು ಸಣ್ಣ ಪೈಪು ನೋಡಿ ಕಟ್ಟೇನಿ. ಗಟ್ಟಿ ಐತಿಲ್ಲೋ?"

"ಭಾಳ ಗಟ್ಟಿ ಇತ್ರಿ ಅತ್ತಿ. ಮುಂದಿನ ವರ್ಷ ಸ್ಟೇರಿಂಗಿಗೆ ಕಟ್ರಿ."

ಸೀಳಿದ್ದ ತುದಿಯನ್ನು ಕತ್ತರಿಸಿ, ಕೊಳವೆಯನ್ನು ಮತ್ತೆ ಸಿಕ್ಕಿಸಿ ಕ್ಲಿಪ್ ಬಿಗಿದರು. ಎಸಳನ್ನು ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟರು. ಬೆಳಗ್ಗೆ ಹೆಚ್ಚಿಸಿದ್ದ ಪೆಟ್ರೋಲನ್ನು ವಾಪಸ್ ತೆಗೆದರು. ಎಂಟು, ಹದಿನಾಲ್ಕು, ಹದಿನೇಳು. ಪ್ರತಿ ಓಟಕ್ಕೂ ವಿನಾಯಕ್ ಈಗ ಮುಳ್ಳನ್ನು ಬಿಟ್ಟು ಅವರ ಕೈಯನ್ನೇ ನೋಡುತ್ತಿದ್ದ. ಇಪ್ಪತ್ತಕ್ಕೆ ಪೆಟ್ರೋಲಿನ ಒತ್ತಡ ಅರವತ್ತಮೂರು ತೋರಿಸಿತು. ಮಿಶ್ರಣ ಹನ್ನೊಂದೂವರೆಯಲ್ಲೇ ನಿಂತಿತು. ಇಂಜೆಕ್ಟರ್ ನೂರಕ್ಕೆ ಎಂಬತ್ತೆರಡು. ಕಲ್ಲಿನ ಸದ್ದು ಬರಲಿಲ್ಲ.

ಇಪ್ಪತ್ತೆರಡು ಪೌಂಡ್ ಕೇಳಲು ಅವನು ಬಾಯಿ ತೆರೆದ. ಸೌಂದರ್ಯಾ ಪರದೆಯನ್ನು ಅವನತ್ತ ತಿರುಗಿಸಿದರು: ಲೆಕ್ಕದ ಪ್ರಕಾರ ಆಗ ಇಂಜೆಕ್ಟರ್ ಎಂಬತ್ತೇಳಕ್ಕೆ ಹೋಗುತ್ತಿತ್ತು. ಅವನು ತಾನೇ ಕೀ ತಿರುಗಿಸಿ ಎಂಜಿನ್ ಆರಿಸಿದ.

ಭಾನುವಾರ ಆಸ್ಟಿನ್‌ನಲ್ಲಿ ಕಾರು ಸಂಜೆಯವರೆಗೂ ಓಡಿ ತನ್ನ ಚಕ್ರಗಳ ಮೇಲೆಯೇ ಕಾಪೆಲ್‌ಗೆ ಮರಳಿತು. ಟ್ರ್ಯಾಕಿನ ಬದಿಯಲ್ಲಿ ಪಕ್ಕದ ಕಾರಿನವನೊಬ್ಬ ಬಾನೆಟ್ಟಿನೊಳಗೆ ಇಣುಕಿ, ಇಂಜೆಕ್ಟರ್‌ಗಳನ್ನು ನೂರಕ್ಕೆ ಎಷ್ಟರವರೆಗೆ ದುಡಿಸುತ್ತೀಯ ಎಂದು ಕೇಳಿದನಂತೆ. ಎರಡು ವರ್ಷದ ಹಿಂದೆ ವೈನಿ ಫೋನಿನಲ್ಲಿ ಹೇಳಿದ್ದನ್ನೇ ವಿನಾಯಕ್ ಅವನಿಗೂ ಹೇಳಿದ: ಎಂಬತ್ತೈದು.