ಕುಲುಕಾಟ ನಿಂತ ಮೇಲೆ

ಮನೆಯವರು ಅವಳನ್ನು ‘ಮಣ್ಣಿನ ಡಾಕ್ಟರ್’ ಎಂದೇ ಕರೆಯುತ್ತಿದ್ದರು. ಕಟ್ಟಡ ಏಳುವ ಮೊದಲು ಆ ಜಾಗದ ಮಣ್ಣನ್ನು ಆಳದಿಂದ ತೆಗೆಸಿ, ಭೂಕಂಪ ಬಂದರೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಹೇಳುವ ಇಂಜಿನಿಯರ್ ಅವಳು. ಮದುವೆಯಾಗಿರಲಿಲ್ಲ. ರಜೆ ಬಂದರೆ ಅಕ್ಕನ ಮನೆ, ಭಾವನ ತಮಾಷೆ, ಊಟದ ಮೇಲೊಂದು ನಿದ್ದೆ.

ಅಕ್ಕನ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಹೆರಿಗೆ ಆಸ್ಪತ್ರೆ ಕಟ್ಟುವುದೆಂದಾಗ ನೆಲದ ಪರೀಕ್ಷೆ ಅವಳ ಪಾಲಿಗೇ ಬಂತು. ಕಂಪನ ಅಳೆಯುವ ಉಪಕರಣಗಳನ್ನು ಸಾಲಾಗಿ ನೆಲಕ್ಕೆ ಚುಚ್ಚಿಸಿ, ಕಬ್ಬಿಣದ ಹಲಗೆಗೆ ಸುತ್ತಿಗೆಯಿಂದ ಹೊಡೆಸಿದಳು. ಗಟ್ಟಿ ನೆಲದಲ್ಲಿ ಆ ಪೆಟ್ಟು ಓಡುತ್ತದೆ. ಇಲ್ಲಿ ಕಾಲೆಳೆದುಕೊಂಡು ಹೋಯಿತು. ಸುತ್ತಿಗೆ ಕೆಳಗಿಟ್ಟ ಮೇಲೂ ಪರದೆಯ ಮೇಲಿನ ಗೆರೆ ನಿಧಾನವಾಗಿ ತೂಗುತ್ತಲೇ ಇತ್ತು. ಬೀದಿಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಎಲ್ಲ ನೆಲವೂ ಸದಾ ಸಣ್ಣಗೆ ನಡುಗುತ್ತಿರುತ್ತದೆ. ಅದು ಅವಳಿಗೆ ಹೊಸದಲ್ಲ. ಆದರೂ ನಿದ್ದೆ ಹೋದವರ ಉಸಿರಿನಂಥ ಆ ತೂಗಾಟವನ್ನು ಬಹಳ ಹೊತ್ತು ನೋಡುತ್ತ ಕೂತಳು.

ಆಳದಿಂದ ಬಂದದ್ದು ನೀರು ತುಂಬಿದ ಬೂದು ಮರಳು. ಪ್ರಯೋಗಶಾಲೆಯಲ್ಲಿ ಅದನ್ನು ರಬ್ಬರ್ ಚೀಲದೊಳಗೆ ಕಂಬದ ಹಾಗೆ ನಿಲ್ಲಿಸಿ, ಯಂತ್ರದಿಂದ ಅದುಮಿ ಬಿಟ್ಟು, ಅದುಮಿ ಬಿಟ್ಟು ನೋಡಿದಳು. ಕಲ್ಲಿನಂತೆ ನಿಂತಿದ್ದ ಕಂಬ, ಕಾಳುಗಳ ನಡುವಿನ ನೀರಿನ ಒತ್ತಡ ಏರುತ್ತ ಹೋಗಿ, ಒಮ್ಮೆಲೇ ಸದ್ದಿಲ್ಲದೆ ಕೆಸರಾಗಿ ಕುಸಿಯಿತು.

ಆಸ್ಪತ್ರೆಯ ಅಡಿಪಾಯವನ್ನು ಮರಳು ದಾಟಿ ಕೆಳಗಿನ ಬಂಡೆಯವರೆಗೆ ಇಳಿಸಬೇಕೆಂದು ಬರೆದುಕೊಟ್ಟಳು. ಹಾಗೇ ಕಟ್ಟಿದರು. ಅಕ್ಕನ ಮನೆ ಮಾತ್ರ ಅದೇ ಮರಳಿನ ಮೇಲೆ ಕೂತಿತ್ತು.

“ಭಾವ, ಈ ಮನೆ ಬಿಟ್ಟುಬಿಡಿ. ಭೂಮಿ ಜೋರಾಗಿ ಅಲುಗಿದ್ರೆ ಇದರ ಕೆಳಗಿನ ನೆಲ ನೀರಾಗತ್ತೆ.”

“ನಿನ್ ಮೆಷಿನ್ನಿಗೆ ನನ್ ಗೊರಕೆ ಕೇಳಿಸಿರ್ಬೇಕು ಕಣಮ್ಮಾ,” ಎಂದು ಭಾವ ನಕ್ಕರು.

ಅಕ್ಕ ನಗಲಿಲ್ಲ. ಮನೆಯನ್ನೂ ಬಿಡಲಿಲ್ಲ.

ಒಂದು ರಜೆಯ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಭೂಮಿ ಕುಲುಕಿತು. ಪಾತ್ರೆಗಳು ಉರುಳಿದವು. ಮೂವರೂ ಬಿದ್ದೆದ್ದು ಬೀದಿಗೆ ಓಡಿದರು. ಸ್ವಲ್ಪ ಹೊತ್ತಿಗೆ ಕುಲುಕಾಟ ನಿಂತಿತು. ಮನೆಗೆ ಒಂದು ಬಿರುಕೂ ಬಿದ್ದಿರಲಿಲ್ಲ. ನೆರೆಯವರು ಒಬ್ಬರನ್ನೊಬ್ಬರು ಮುಟ್ಟಿ ನೋಡಿ ನಗತೊಡಗಿದರು.

“ನೋಡಿದ್ಯಾ? ಬಂಡೆ ಥರ ನಿಂತಿದೆ,” ಎಂದರು ಭಾವ.

“ಅಯ್ಯೋ, ಒಲೆ ಆರಿಸಿಲ್ಲ,” ಎಂದು ಅಕ್ಕ ಒಳಗೆ ಹೋದಳು.

“ಅಕ್ಕಾ, ಬೇಡ! ಕೆಳಗಿನ ನೀರು ಇನ್ನೂ ಏರ್ತಿರತ್ತೆ!”

ಅಷ್ಟರಲ್ಲಿ ಬೀದಿಯಂಚಿನ ಸಂದಿಯೊಂದರಿಂದ ಬೂದು ನೀರು ಉಕ್ಕಿತು. ಮತ್ತೊಂದು ಕಡೆ. ಇನ್ನೊಂದು ಕಡೆ. ಎಲ್ಲಿಯೂ ಸದ್ದಿಲ್ಲ. ಅಂಗಳದಲ್ಲಿ ಹೂತಿದ್ದ ಖಾಲಿ ನೀರಿನ ತೊಟ್ಟಿ ಮುಚ್ಚಳ ಸಮೇತ ಮಣ್ಣು ಸರಿಸಿಕೊಂಡು ಮೇಲೆದ್ದಿತು, ಯಾರೋ ಕೆಳಗಿಂದ ಎತ್ತಿಕೊಟ್ಟ ಹಾಗೆ. ಮನೆ ಇಳಿಯತೊಡಗಿತು. ಉರುಳಲಿಲ್ಲ, ಮುರಿಯಲಿಲ್ಲ, ಮೆಟ್ಟಿಲು ಮುಳುಗಿತು, ಹೊಸ್ತಿಲು ಮುಳುಗಿತು, ಬಾಗಿಲು ಅರ್ಧಕ್ಕೆ ಹೂತು ಸಿಕ್ಕಿಕೊಂಡಿತು. ಒಳಗೆ ದೀಪ ಉರಿಯುತ್ತಲೇ ಇತ್ತು.

ಭಾವ ಬಾಗಿಲಿಗೆ ನುಗ್ಗಿ ಮೊಣಕಾಲವರೆಗೆ ಹೂತರು. ಅವಳು ಅವರನ್ನು ಹಿಂದಕ್ಕೆಳೆದು, “ಅಕ್ಕಾ, ಮಹಡಿ ಹತ್ತು! ಕಿಟಕಿಗೆ ಬಾ!” ಎಂದು ಕೂಗಿದಳು. ಅಂಗಳದಲ್ಲಿ ಬಿದ್ದಿದ್ದ ಹಳೆಯ ಕದವನ್ನು ಕೆಸರಿನ ಮೇಲೆ ಹಾಸಿದಳು. ಮನೆ ಇನ್ನೂ ಇಳಿದು, ಒಂದು ಕಡೆಗೆ ವಾಲಿ ನಿಂತಾಗ ಆ ಕಡೆಯ ಮಹಡಿ ಕಿಟಕಿ ಅವಳ ಎದೆಯೆತ್ತರಕ್ಕೆ ಬಂದಿತ್ತು. ಅಕ್ಕ ಅಲ್ಲಿಂದ ಕಾಲು ಹೊರಗಿಟ್ಟು, ತಂಗಿಯ ಭುಜ ಹಿಡಿದು ಇಳಿದಳು.

“ಒಲೆ ಆರಿಸ್ದೆ,” ಎಂದಳು. ತಂಗಿಯ ಭುಜ ಬಿಡಲಿಲ್ಲ.

ಆಸ್ಪತ್ರೆ ಕದಲಿರಲಿಲ್ಲ. ಸುತ್ತಲ ನೆಲ ಮಾತ್ರ ಕುಸಿದು, ಅದರ ಮೆಟ್ಟಿಲು ನೆಲ ತಾಗದೆ ಗಾಳಿಯಲ್ಲಿ ನಿಂತಿತ್ತು. ಒಳಗಿದ್ದ ಬಾಣಂತಿಯರನ್ನು ಏಣಿ ಹಾಕಿ ಇಳಿಸಿದರು.

ಅಕ್ಕ, ಭಾವ ಅವಳ ಮನೆ ಸೇರಿದರು. ಭಾವ ಆಮೇಲೆ ಮಣ್ಣಿನ ವಿಷಯದಲ್ಲಿ ತಮಾಷೆ ಮಾಡಲಿಲ್ಲ. ವಾಲಿದ ಮನೆಯನ್ನು ಕೆಡವಿದ ಮೇಲೆ ಅವಳು ಮತ್ತೆ ಅಲ್ಲಿ ಪರೀಕ್ಷೆ ನಡೆಸಿದಳು. ಅಕ್ಕನೂ ಜೊತೆಗೆ ಬಂದಿದ್ದಳು. ಒಣಗಿದ ಬೂದು ಮರಳು ಬಿಸಿಲಿಗೆ ಹಾಸಿಕೊಂಡಿತ್ತು. ಅದರ ಮೇಲೆ ನಾಯಿಯೊಂದು ಮಲಗಿತ್ತು.

“ಈಗ ಗಟ್ಟಿಯಾಗಿದ್ಯೇನೇ?” ಎಂದು ಅಕ್ಕ ಕೇಳಿದಳು.

“ಓಡಾಡೋಕೆ ಗಟ್ಟಿ ಇದೆ ಅಕ್ಕ. ಮತ್ತೆ ಅಲುಗಿದ್ರೆ ಮತ್ತೆ ಹಾಗೇ ಆಗತ್ತೆ.”

ಅಕ್ಕ ಒಂದು ಕಾಲು ಮುಂದಿಟ್ಟಳು. ನಾಯಿ ತಟ್ಟನೆ ತಲೆಯೆತ್ತಿ ನೆಲವನ್ನು ಮೂಸಿತು. ಅಕ್ಕ ಕಾಲು ಹಿಂದೆಗೆದುಕೊಂಡಳು. ಇಬ್ಬರೂ ಮರಳು ತುಳಿಯದೆ, ಬಳಸಿ ಹೋಗುವ ಮೇಲಿನ ರಸ್ತೆ ಹಿಡಿದು ಮನೆಗೆ ಹೋದರು.