ಅಕ್ಕನ ಬರಿಗಣ್ಣು

ಕೋಟು-ಪ್ಯಾಂಟಿಗೆ ಇಲಿ ಬಾಯಿ ಹಾಕಿರಲಿ, ಸಿಗರೇಟಿನ ಕಿಡಿ ಬಿದ್ದಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ತೂತು ಎಲ್ಲಿತ್ತೆಂದು ಯಾರಿಗೂ ತಿಳಿಯದಂತೆ ರಫು ಮಾಡುವವಳು ಆ ದರ್ಜಿ ಅಂಗಡಿಯಲ್ಲಿ ತಂಗಿ ಒಬ್ಬಳೇ. ಕಿಟಕಿ ಪಕ್ಕದ ಕುರ್ಚಿ ಅವಳದು. ಜಂಬವೂ ಅದಕ್ಕೆ ತಕ್ಕ ಹಾಗೇ ಇತ್ತು. ಅಕ್ಕ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಚಿಕ್ಕಂದಿನಿಂದ ಅವಳಿಗೆ ದಪ್ಪ ಕನ್ನಡಕ. ‘ಸೋಡಾಬುಡ್ಡಿ’ ಅಂತ ಹೆಸರಿಟ್ಟವಳೂ ಈ ಮಹಾತಾಯಿ ತಂಗಿಯೇ.

ನಲವತ್ತೈದು ದಾಟಿದ್ದೇ ತಡ, ತಂಗಿಗೆ ಹತ್ತಿರದ್ದು ಕಾಣಿಸದಾಯಿತು. ಸೂಜಿಯನ್ನು ತೋಳುದ್ದ ಹಿಡಿದರೂ ದಾರ ಒಳಗೆ ಹೋಗದು. ದಾರಕ್ಕೆ ಬೈದಳು, ಬಲ್ಬಿಗೆ ಬೈದಳು. ಚಾಳೀಸು ಬಂದಿದೆ ಅಂತ ಒಪ್ಪಿಕೊಳ್ಳಲು ಮಾತ್ರ ತಯಾರಿಲ್ಲ. ಅತ್ತ ಅಕ್ಕ, ಅವಳಿಗಿಂತ ದೊಡ್ಡವಳು, ಕನ್ನಡಕ ಹಣೆಗೇರಿಸಿ, ಸೂಜಿಯನ್ನು ಮೂಗಿನ ಹತ್ತಿರ ತಂದು ಒಂದೇ ಸಲಕ್ಕೆ ಪೋಣಿಸುತ್ತಿದ್ದಳು! ದೂರದ್ದು ಕಾಣದ ಆ ಕಣ್ಣಿಗೆ ಹತ್ತಿರದ್ದು ಈಗಲೂ ಲಕಲಕ. ತಂಗಿಯ ಹೊಟ್ಟೆಗೆ ಕಿಚ್ಚು ಬಿತ್ತು. ಹಾಳಾದ್ದು, ಇವಳಿಗೇ ಯಾಕೆ?

ಒಂದು ದಿನ ಉಣ್ಣೆಯ ಕೋಟೊಂದು ಬಂತು, ಮೊಣಕೈ ಹತ್ತಿರ ತೂತು. ಅಂಗಡಿಯ ಯಜಮಾನ ಇಬ್ಬರನ್ನೂ ನೋಡಿ, ಅದನ್ನು ಅಕ್ಕನ ಮುಂದಿಟ್ಟ. ಈ ಕೆಲಸ ಹೋದರೆ ತನಗಿನ್ನು ಮೂಲೆಯೇ ಗತಿ ಅಂತ ತಂಗಿಗೆ ಗೊತ್ತಾಗಿ ಹೋಯಿತು.

“ಇದು ನನ್ ಕೆಲ್ಸ,” ಅಂತ ಕಸಿದುಕೊಂಡಳು. ಬೆರಳಿನ ಅಂದಾಜಿನ ಮೇಲೇ ಮಧ್ಯಾಹ್ನವೆಲ್ಲ ಹೊಲಿದಳು.

ಸಂಜೆ ಗಿರಾಕಿ ಬಂದು ಕೋಟಿನ ತೋಳಿಗೆ ಕೈ ತೂರಿಸಿದ. ಕೈ ಮೊಣಕೈವರೆಗೆ ಹೋಗಿ ಸಿಕ್ಕಿಹಾಕಿಕೊಂಡಿತು. ತಂಗಿ ತೂತಿನ ಜೊತೆಗೆ ತೋಳಿನ ಎರಡೂ ಬದಿಯನ್ನು ಸೇರಿಸಿ ಹೊಲಿದುಬಿಟ್ಟಿದ್ದಳು. ಗಿರಾಕಿ ನಕ್ಕ. ಯಜಮಾನ ನಾಳೆ ಬನ್ನಿ ಅಂತ ಅವನನ್ನು ಕಳಿಸಿದ. ತಂಗಿಯ ಕಡೆ ನೋಡದೆ ಕೋಟು ಮಡಚಿಟ್ಟ. ಬೈದಿದ್ದರೇ ಚೆನ್ನಾಗಿತ್ತು.

ಅಕ್ಕ ಎದ್ದು ಬಂದು ಕೋಟು ತೆಗೆದುಕೊಂಡಳು.

“ಖುಷಿ ಆಯ್ತಲ್ಲ ಈಗ?” ತಂಗಿ ಕಿಡಿಕಾರಿದಳು.

“ಆಯ್ತು ಕಣೆ,” ಅಂದಳು ಅಕ್ಕ, ಹೊಲಿಗೆಯ ಮೇಲಿಂದ ಕಣ್ಣೆತ್ತದೆ. “ಚಿಕ್ಕೋಳಿದ್ದಾಗ ನಿನ್ ಕಣ್ಣು ಹಾಳಾಗ್ಲಿ ಅಂತ ದಿನಾ ಬೇಡ್ಕೋತಿದ್ದೆ. ಇಷ್ಟ್ ತಡ ಆಗುತ್ತೆ ಅಂದ್ಕೊಂಡಿರ್ಲಿಲ್ಲ. ಏಳು, ಬೆಳಕು ಬೇಕು ನಂಗೆ.”

ತಂಗಿ ಎದ್ದು ಜಾಗ ಬಿಟ್ಟಳು.