ಓಡದ ಕಾರಿಗೆ ಸರ್ವಿಸ್

ನಮ್ಮ ಕಾರು ಹೆಚ್ಚಾಗಿ ಓಡಿದ್ದೆಲ್ಲ ನಿಂಬೆಹಣ್ಣಿನ ಮೇಲೆ. ಅಮಾವಾಸ್ಯೆ ಬಂತೆಂದರೆ ನನ್ನ ಗಂಡ ಅದರ ಮೈ ತೊಳೆದು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಗಾಲಿಗೊಂದು ಹಣ್ಣಿಟ್ಟು, ಅವು ಪಚಕ್ಕೆನ್ನುವಷ್ಟು ಮುಂದಕ್ಕೆ ತರುತ್ತಿದ್ದರು. ಇತ್ತೀಚೆಗಂತೂ ಪೆಟ್ರೋಲ್ ಯಾಕೆ ಸುಡಬೇಕೆಂದು ಕೈಯಿಂದಲೇ ನೂಕುತ್ತಿದ್ದರು. ಮತ್ತೆ ಹಿಂದಕ್ಕೆ ಸರಿಸಿ ತಾಡಪತ್ರಿ ಹೊದಿಸಿದರೆ ಮುಂದಿನ ಅಮಾವಾಸ್ಯೆಯೇ ಗತಿ. ಗುಡಗೇರಿಯ ಸಂತೆಗೂ ನಾವು ಬಸ್ಸಿಗೇ ಜೋತು ಬೀಳಬೇಕು. ಗಾಡಿ ಸವೆಯುತ್ತದಲ್ಲ!

ಸರ್ವಿಸ್ ಮಾಡಿಸಿರೆಂದರೆ ಅವರ ಉತ್ತರ ಒಂದೇ. "ಹತ್ತು ಸಾವಿರ ಕಿಲೋಮೀಟರಿಗೆ ಅಂತ ಬರದಾರ. ನಮ್ಮದು ಸಾವಿರನೂ ಓಡಿಲ್ಲ. ಓಡಲಾರದ ಗಾಡಿಗೆ ಎಂಥಾ ಸರ್ವಿಸ್?"

ಬಾಯಿ ಮುಚ್ಚಿಕೊಂಡು ಕೂರುವವಳಲ್ಲ ನಾನು. ಆದರೂ ಎಂಜಿನ್ನಿನ ವಿಷಯ ನನಗೇನು ಗೊತ್ತು ಎಂದು ಬಿಟ್ಟುಬಿಟ್ಟಿದ್ದೆ.

ಮಗಳ ಸೀಮಂತದ ಕುಬಸ ಮುಗಿದು, ಚೊಚ್ಚಲ ಹೆರಿಗೆಗೆ ಆಕೆಯನ್ನು ತವರಿಗೆ ಕರೆತರುವ ದಿನ ಬಂತು. ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ಕಾರಿನಲ್ಲಿ ಗತ್ತಿನಿಂದ ಕೂತೆ. ಗಂಡ ಕೀಲಿ ತಿರುಗಿಸಿದರು. ಟಕ್ ಅಂದಿತು, ಅಷ್ಟೇ. ಬಾನೆಟ್ ಎತ್ತಿ ನೋಡಿದರೆ ಇಲಿಗಳು ಒಳಗೆ ಹತ್ತಿಯ ಹಾಸಿಗೆ ಮಾಡಿಕೊಂಡು ಬಾಣಂತನ ನಡೆಸಿದ್ದವು. ಓಣಿಯವರೆಲ್ಲ ಬಂದು ನಕ್ಕು ಹೋದರು.

ಬಾಡಿಗೆ ಗಾಡಿಯಲ್ಲಿ ಮಗಳನ್ನು ಕರೆತಂದೆವು. ಮನೆಗೆ ಬಂದವಳೇ ನಾನು ಶುರು ಮಾಡಿದೆ. "ಆಕಿಗೆ ಹೆರಿಗಿ ಬ್ಯಾನಿ ಬಂದ ದಿನಾನೂ ಇದು ಹಿಂಗ ಟಕ್ ಅಂದ್ರ ಏನ್ ಮಾಡ್ತೀರಿ? ಲಿಂಬಿಹಣ್ಣ ಇಡ್ತೀರೇನು?"

ಸಿಟ್ಟಿನಲ್ಲಿ ಅಂದ ಮಾತು ನನ್ನ ಎದೆಯಲ್ಲೇ ಭಯವಾಗಿ ಕೂತಿತು. ಕುಂದಗೋಳದ ಆಸ್ಪತ್ರೆಗೆ ಬೇಕಾದ ಹೊತ್ತಿಗೆ ಬಸ್ಸಿಲ್ಲ. ಮಳೆಯಾದರೆ ಜಾರುವ ಎರಿಮಣ್ಣಿನ ದಾರಿಯಲ್ಲಿ ಎರಡು ಗಾಲಿಯ ಬೈಕು ನಿಲ್ಲುವುದಿಲ್ಲ.

ಕಾರಿನ ಜೊತೆ ಕೊಟ್ಟಿದ್ದ ಪುಸ್ತಕ ಹುಡುಕಿ ನಾನೇ ಓದಿದೆ. ಹತ್ತು ಸಾವಿರ ಕಿಲೋಮೀಟರ್ ಎಂದಿದ್ದುದು ಖರೆ. ಅದರ ಮಗ್ಗುಲಲ್ಲೇ, ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು ಎಂದೂ ಇತ್ತು. ಗಂಡ ಕನ್ನಡಕ ಏರಿಸಿ ನೋಡಿ, "ಇದು ನನ್ನ ಕಣ್ಣಿಗೇ ಬಿದ್ದಿರ್ಲಿಲ್ಲ ನೋಡು" ಅಂದರು.

ಮರುದಿನವೇ ಮೆಕ್ಯಾನಿಕ್ ಬಂದು ವೈರು, ಬ್ಯಾಟರಿ ಬದಲಿಸಿದ. ಎಂಜಿನ್ ಆಯಿಲ್ ಇಳಿಸಿದರೆ ಡಾಂಬರಿನಂಥದ್ದು ಬಂತು. ಚಹಾ ಕುಡಿಯುತ್ತ ಮೆಕ್ಯಾನಿಕ್ ಸೇರಿ ಮೂವರೂ ಕೂತು ನಮ್ಮ ಗಾಡಿಗೆ ತಕ್ಕ ಲೆಕ್ಕ ಹಾಕಿದೆವು. ನಮ್ಮದು ನಿಂತೇ ಇರುವ ಗಾಡಿ, ಮೇಲೆ ಸುಗ್ಗಿಯ ಧೂಳು. ಮುಂಗಾರಿನ ಮುಂಚೆ ಒಮ್ಮೆ, ಮಹಾನವಮಿಗೆ ಒಮ್ಮೆ ಸರ್ವಿಸ್ ಆಗಲೇಬೇಕು, ಕಿಲೋಮೀಟರಿನ ಸುದ್ದಿ ತೆಗೆಯುವಂತಿಲ್ಲ. ವಾರಕ್ಕೊಮ್ಮೆ ಸಂತೆಗೆ ಕಾರಿನಲ್ಲೇ ಹೋಗಬೇಕೆಂಬುದು ನಾನು ಸೇರಿಸಿದ್ದು. ಮೊದಲ ಸಂತೆಯ ದಿನ ಬದನೆಕಾಯಿ, ಮೆಂತ್ಯೆಸೊಪ್ಪು ಸೀಟಿನ ಮೇಲೆ ಮೆರೆಯುತ್ತ ಬಂದವು. ಗಾಲಿ ತಗ್ಗಿಗೆ ಬಿದ್ದಾಗಲೆಲ್ಲ ಗಂಡ ತಮ್ಮ ಬೆನ್ನಿಗೇ ಪೆಟ್ಟಾದಂತೆ "ಯಪ್ಪಾ" ಎನ್ನುತ್ತಿದ್ದರು.

ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ, ಮಳೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ಮಗಳಿಗೆ ನೋವು ಶುರುವಾಯಿತು. ಆಂಬುಲೆನ್ಸ್ ಬೇರೆ ಊರಿನ ರೋಗಿಯನ್ನು ಕರೆದೊಯ್ದಿತ್ತು. ಕಾರಿನಲ್ಲಿ ಕೂತ ಮಗಳು ನನ್ನ ಕೈ ಮುರಿಯುವಂತೆ ಹಿಡಿದಳು. "ಅವ್ವಾ, ಚಾಲೂ ಆಗ್ತೈತೇನ ಇದು?"

ಗಂಡ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಎಂಜಿನ್ ಗುರ್ ಎಂದಿತು. ಶಿವನೇ, ಬಸವಣ್ಣಾ! ಅದಕ್ಕಿಂತ ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಸಂಜೆಯೊಳಗೆ ಹೆಣ್ಣುಕೂಸು ಹುಟ್ಟಿತು. ತಾಯಿ, ಮಗು ಇಬ್ಬರೂ ಆರಾಮ ಎಂದು ಕೇಳಿದ್ದೇ ಗೋಡೆಗೊರಗಿ ಕೂತುಬಿಟ್ಟೆ. ಅಷ್ಟು ದಿನದ ಭಾರ ಇಳಿದು, ನಗು ಅಳು ಎರಡೂ ಒಟ್ಟಿಗೆ ಬಂದವು.

ಮರುದಿನ ನರ್ಸಮ್ಮ, "ಒಂದೂವರಿ ತಿಂಗಳಿಗೆ ಕೂಸಿನ್ನ ಕರ್ಕೊಂಡ ಬರ್ರಿ, ಲಸಿಕಿ ಸೂಜಿ ಹಾಕೂದೈತಿ" ಅಂದರು.

ಗಂಡ ಹಳೆಯ ಚಾಳಿಯಂತೆ, "ಕೂಸು ಅಗದಿ ಗಟ್ಟಿ ಐತಲ್ರೀ. ಇಷ್ಟ ಲಗೂ ಯಾಕ್ರಿ?" ಎಂದರು.

"ಎಷ್ಟ ಕಿಲೋಮೀಟರ್ ಓಡೇತಿ ಅಂತ ನೋಡಿ ಹಾಕಸೂಣೇನು?" ಅಂದೆ ನಾನು.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ಮೆಲ್ಲಗೆ ಹೊರಗೆ ಜಾರಿದರು. ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ನಮ್ಮ ಕಾರು ಶುರುವಾದ ಸದ್ದು. ಇಣುಕಿ, "ಎಲ್ಲಿಗೆ ಹೊಂಟ್ರಿ?" ಎಂದು ಕೂಗಿದೆ.

"ಎಲ್ಲಿಗೂ ಇಲ್ಲ. ನಾಳಿ ಮಮ್ಮಗಳು ಇದರಾಗ ಮನಿಗೆ ಬರಬೇಕಲ್ಲ, ಚಾಲೂ ಆಗ್ತೈತೇನಂತ ನೋಡಿದೆ" ಎಂದು ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.